ಮಾಮಲೇದಾರ್ತಿ ಎಂದು ಹುಡುಕಿದರೆ

ನನ್ನ ಫೋನಿನಲ್ಲಿ ಕಾಕಿ ಇನ್ನೂ ಇದ್ದಾರೆ. ಆದರೆ ಹುಡುಕಿದರೆ ಸಿಗುವುದಿಲ್ಲ.

ಮೊನ್ನೆ ಗುರೆಳ್ಳು ಚಟ್ನಿಪುಡಿ ಮಾಡಲು ಕೂತವಳಿಗೆ ಬೆಳ್ಳುಳ್ಳಿಯನ್ನು ಹುರಿಯಬೇಕೋ ಹಸಿಯಾಗಿಯೇ ಹಾಕಬೇಕೋ ಎಂದು ಅನುಮಾನ ಬಂತು. ಕಾಕಿ ಒಮ್ಮೆ ವಾಟ್ಸಪ್ಪಿನಲ್ಲಿ ಹೇಳಿದ್ದು ನೆನಪಿತ್ತು. ಅವರ ಹಳೆಯ ಮಾತುಕತೆ ತೆರೆದು, ಭೂತಗನ್ನಡಿಯ ಗುರುತು ಮುಟ್ಟಿ, 'ಬೆಳ್ಳುಳ್ಳಿ' ಎಂದು ಬರೆದೆ. ಸಿಕ್ಕಿದ್ದು ನನ್ನದೇ ಪ್ರಶ್ನೆ: 'ಕಾಕಿ, ಬೆಳ್ಳುಳ್ಳಿ ಹುರಿಯಬೇಕಾ?' ಉತ್ತರ ಅದರ ಕೆಳಗೇ ಇತ್ತು, ಆದರೆ ಧ್ವನಿಯಲ್ಲಿ. ಕಾಕಿ ನನಗೆ ಏನನ್ನೂ ಬರೆದು ಕಳಿಸಿದವರಲ್ಲ. ಎಲ್ಲವನ್ನೂ ಮಾತಾಡಿಯೇ ಕಳಿಸುತ್ತಿದ್ದರು. ಹುಡುಕುವ ಪೆಟ್ಟಿಗೆಗೆ ಕಿವಿ ಇಲ್ಲವಲ್ಲ. 'ಚಹಾ' ಎಂದು ಹಾಕಿದರೂ ನಾನೇ, 'ಮಳೆ' ಎಂದು ಹಾಕಿದರೂ ನಾನೇ. ಇಷ್ಟು ವರ್ಷ ನಾನು ಒಬ್ಬಳೇ ಕೂತು ಯಾರೊಂದಿಗೋ ಮಾತಾಡಿಕೊಂಡಿದ್ದೆನೇನೋ ಅನ್ನಿಸುವ ಹಾಗೆ.

ಧ್ವನಿ ಒತ್ತಿದೆ. "ಹುರೀಬ್ಯಾಡ ನಮ್ಮವ್ವಾ, ಹಸೀದ ಹಾಕು. ಹುರದರ ಅದರ ಸಿಟ್ಟೆಲ್ಲಾ ಹೋಗಿಬಿಡ್ತೈತಿ." ಹಿಂದೆ ಅವರ ಅಡುಗೆಮನೆಯ ನಲ್ಲಿಯ ನೀರು ಪಾತ್ರೆಗೆ ಬೀಳುವ ಸದ್ದು. ಒಲೆ ಆರಿಸಿ, ಬೆಳ್ಳುಳ್ಳಿಯನ್ನು ಹಸಿಯಾಗಿಯೇ ಸುಲಿದಿಟ್ಟೆ.

ಶಿರಸಿಯ ಬಸ್ ಸ್ಟ್ಯಾಂಡಿನ ಹಿಂಬದಿಗೆ ಇರುವ ನಮ್ಮ ಓಣಿಯ ತಿರುವಿನ ಮಾಳಿಗೆ ಮನೆ ಅವರದು. ಪೇಟೆಯಲ್ಲಿ ಬಟ್ಟೆ ಅಂಗಡಿ. ಕಾಕಾ ತೀರಿಕೊಂಡು ಬಹಳ ವರ್ಷವಾಗಿತ್ತು, ಅಂಗಡಿಯನ್ನು ಭಾವನ ಮಗ ನೋಡಿಕೊಳ್ಳುತ್ತಿದ್ದ. ಅವನು ಕಾಕಿ ಅನ್ನುತ್ತಾನೆಂದು ಗಿರಾಕಿಗಳೂ ಕಾಕಿ ಅಂದರು, ಹಾಲಿನವನೂ ಅಂದ, ಕೊಂಕಣಿ ಮಾತಾಡುವ ನಮ್ಮ ಮನೆಯವರೂ ಅಂದೆವು. ಹಣೆಗೆ ವಿಭೂತಿ, ಇಳಕಲ್ ಸೀರೆ, ಎಡಗೈಯಲ್ಲಿ ಸದಾ ಒಂದು ಸ್ಟೀಲ್ ಡಬ್ಬಿ. ಡಬ್ಬಿ ಎಂದೂ ಖಾಲಿ ಬರುತ್ತಿರಲಿಲ್ಲ, ಖಾಲಿ ಹೋಗುತ್ತಲೂ ಇರಲಿಲ್ಲ. ಮಾತಾಡುತ್ತಲೇ ನಮ್ಮ ಕಿಟಕಿ ಪರದೆಯ ಅಂಚನ್ನು ಮೊಳಕೈಗೆ ಹಿಡಿದು ಅಳೆದು, "ಇಲ್ಲಿ ಹೊಲದಾವ ಒಂದು ಗೇಣು ನುಂಗ್ಯಾನ" ಅನ್ನುವ ಅಭ್ಯಾಸ.

ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ಅವರಿಗೆ ನನ್ನ ಮೇಲೆ ವಿಪರೀತ ಭರವಸೆ. ಗ್ಯಾಸ್ ಲೈಟರ್ ಕೆಟ್ಟರೂ ನನ್ನ ಹತ್ತಿರವೇ ತರುವರು. "ನೀ ಸಿಸ್ಟರ್ ಕೈಯಾಗ ಕಲ್ತಾಕಿ. ನಿನಗ ಗೊತ್ತಿರ್ತೈತಿ." ಸಿಸ್ಟರ್ ಕಲಿಸಿದ್ದು ಕ್ರಾಸ್ ಸ್ಟಿಚ್ ಹಾಕುವುದು, ಬಾಗಿಲನ್ನು ಸದ್ದಾಗದಂತೆ ಮುಚ್ಚುವುದು, ಮತ್ತು ಮುತ್ತಿನಂಥ ಇಂಗ್ಲಿಷ್ ಅಕ್ಷರ. ಲೈಟರಿಗೆ ಇದ್ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಒಂದು ಮಧ್ಯಾಹ್ನ ಡಬ್ಬಿಯ ಜೊತೆ ಫೋನನ್ನೂ ಹಿಡಿದುಕೊಂಡು ಬಂದರು. ಅವರು ಓದಿದ ಹೈಸ್ಕೂಲಿನ ಹಳೆಯ ಸ್ಮರಣ ಸಂಚಿಕೆಯ ಪಿಡಿಎಫ್ ಅನ್ನು ಯಾರೋ ಗಿರಾಕಿ ಕಳಿಸಿದ್ದರಂತೆ.

"ಎಷ್ಟು ಮೊಳ ಐತೋ ಏನೋ, ಬಟ್ಟಿ ಥಾನು ಬಿಚ್ಚಿದಂಗ ಬಿಚ್ಚಾಕತ್ತೇನಿ, ಮುಗಿಯೂದ ಇಲ್ಲ. ಇದ್ರಾಗ ಒಂದು ಹೆಸರು ಹುಡುಕೂದು ಹೆಂಗ ತಂಗಿ?"

ಮಕ್ಕಳ ಪಾಠಕ್ಕೆಂದು ತಂದ ಲ್ಯಾಪ್‌ಟಾಪು ಮನೆಯಲ್ಲಿ ಸುಮ್ಮನೆ ಕೂತಿತ್ತು. ಅದರಲ್ಲಿ ತೆರೆದು ತೋರಿಸಿದೆ. ಇಲ್ಲಿ ಪದ ಬರೆಯಬೇಕು, ಇದನ್ನು ಒತ್ತಬೇಕು, ಪುಸ್ತಕದಲ್ಲಿ ಆ ಪದ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹಳದಿ ಬಣ್ಣ ಬರುತ್ತದೆ. ಪರೀಕ್ಷೆಗೆಂದು ನನ್ನ ಒಂದು ಅಡುಗೆ ಪುಸ್ತಕ ತೆರೆದು 'ಬೆಲ್ಲ' ಎಂದು ಬರೆಸಿದೆ. ಪುಟದ ತುಂಬ ಹಳದಿ. ಕಾಕಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಯ್ಯ ನಮ್ಮವ್ವಾ! ಇರಿವೀಗಿಂತ ಲಗೂನ ಹುಡುಕ್ತೈತಿ!"

ಆಮೇಲೆ ತಮ್ಮ ಸ್ಮರಣ ಸಂಚಿಕೆ ತೆರೆಸಿದರು. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ, ಒಂದು ಹೆಣ್ಣುಮಗಳ ಹೆಸರು ಬರೆದರು. ಬರೆದಾದ ಮೇಲೆ ಒತ್ತಲಿಲ್ಲ. ಕೈ ತೆಗೆದು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು, ಕೂದಲು ಒಳಗೆ ಸೇರಿಸಿದರು, ಆಮೇಲೆ ಒತ್ತಿದರು. ಯಾರದೋ ಮನೆಯ ಬಾಗಿಲು ತಟ್ಟಿ, ತೆರೆಯುವ ಮೊದಲು ನಾವೆಲ್ಲ ಹಾಗೆ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಅದು ಅವತ್ತಿನದು ಮಾತ್ರವಲ್ಲ ಎಂದು ಆಮೇಲೆ ತಿಳಿಯಿತು. ಪ್ರತಿ ಸಲ, ಪ್ರತಿ ಪಿಡಿಎಫ್‌ಗೂ, ಸೆರಗು ಸರಿಮಾಡಿಕೊಳ್ಳದೆ ಅವರು ಹುಡುಕಲೇ ಇಲ್ಲ.

ಏನೂ ಸಿಗಲಿಲ್ಲ ಎಂದು ಯಂತ್ರ ಹೇಳಿತು.

"ಮನ್ಯಾಗಿಲ್ಲ" ಎಂದರು ಕಾಕಿ.

ನನಗೇಕೋ ಸಮಾಧಾನವಾಗಲಿಲ್ಲ. ಒಂದೊಂದೇ ಪುಟ ನೋಡುತ್ತ ಹೋದೆ. ಹಳೆಯ ವರ್ಷದ ಜಾಣ ವಿದ್ಯಾರ್ಥಿನಿಯರ ಸಾಲಿನಲ್ಲಿ ಆ ಹೆಸರು ಇತ್ತು! ಕಾಕಿ ಎದ್ದೇ ನಿಂತುಬಿಟ್ಟರು.

"ಇಲ್ಲೇ ಅದಾಳಲ್ಲ! ಕಣ್ಣಿಗೆ ಕಾಣಾಕತ್ತಾಳ. ಇದಕ್ಕ್ಯಾಕ ಕಾಣವಲ್ಲಳು?"

ಹಳೆಯ ಕಾಲದ ಕಂಪ್ಯೂಟರ್ ಅಕ್ಷರದಲ್ಲಿ ಜೋಡಿಸಿದ ಪುಸ್ತಕ ಅದು. ನಮಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ಒಳಗಿನಿಂದ ಬೇರೆ ಏನೋ ಗುರುತುಗಳು. ಇನ್ನು ಕೆಲವು ಪುಸ್ತಕಗಳಲ್ಲಿ ಪುಟದ ಫೋಟೋ ಮಾತ್ರ ಇರುತ್ತದೆ, ಅಕ್ಷರವೇ ಇರುವುದಿಲ್ಲ. ನನಗೆ ತಿಳಿದಷ್ಟು ಹೇಳಿದೆ. ಕಾಕಿ ಬಹಳ ಹೊತ್ತು ಆ ಹೆಸರಿನ ಕೆಳಗೆ ಬೆರಳಿಟ್ಟುಕೊಂಡೇ ಇದ್ದರು. "ನಿಮ್ಮ ಹೆಸರು ಯಾಕೆ ಇಲ್ಲ ಕಾಕಿ ಇದರಲ್ಲಿ?" ಎಂದು ನಾನು ತಮಾಷೆ ಮಾಡಿದರೆ, "ನಾ ಅಷ್ಟು ಶ್ಯಾಣ್ಯಾಕಿ ಇರಲಿಲ್ಲ ಬಿಡು" ಎಂದರು.

ಆ ಹೆಸರು ಅವರ ಹೈಸ್ಕೂಲಿನ ಗೆಳತಿಯದು. ಆಕೆಯ ಸಂಗತಿಯನ್ನು ಅವರು ಒಂದೇ ಸಲಕ್ಕೆ ಹೇಳಿದವರಲ್ಲ. ಚಹಾದಲ್ಲಿ ಟೋಸ್ಟ್ ಅದ್ದುತ್ತ ಒಂದಿಷ್ಟು, ಮೆಂತ್ಯ ಬಿಡಿಸುತ್ತ ಇನ್ನೊಂದಿಷ್ಟು. ನಾನು ಜೋಡಿಸಿಕೊಂಡದ್ದು ಇಷ್ಟು.

ಕಾಕಿ ಗುಡ್ನಾಪುರದ ಕಡೆಯ ವ್ಯಾಪಾರಸ್ಥರ ಮನೆಯ ಹುಡುಗಿ. ಗೆಳತಿ ಸಿದ್ದಾಪುರ ತಾಲೂಕಿನ ಮನ್ಮನೆಯ ಭಟ್ಟರ ಮನೆಯವಳು. ಇಬ್ಬರೂ ಶಿರಸಿಯ ಹುಡುಗಿಯರ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಇವರ 'ಬರ್ತೇನಿ ಹೋಗ್ತೇನಿ' ಕೇಳಿ ಆಕೆ ನಗುವುದು, ಆಕೆಯ 'ಎಂಗೆ ಗೊತ್ತಿಲ್ಲೆ' ಕೇಳಿ ಇವರು ನಗುವುದು. ವರ್ಷ ತಿರುಗುವಷ್ಟರಲ್ಲಿ ಆಕೆ ಇವರ ಹಾಗೆ ಮಾತಾಡತೊಡಗಿದ್ದಳು, ಇವರು ಆಕೆಯ ಹಾಗೆ. "ವಾರ್ಡನ್ ಅಕ್ಕೋರಿಗೆ ಯಾರು ಮಾತಾಡಿದ್ದಂತ ತಿಳೀತಿರಲಿಲ್ಲ. ಇಬ್ಬರಿಗೂ ಬೈತಿದ್ರು."

ಹಾಸ್ಟೆಲಿನ ಅಡುಗೆಮನೆಯ ಹಿಂಬಾಗಿಲಿಗೆ ದಿನಾ ಬೆಳಿಗ್ಗೆ ಒಂದು ಹಸು ಬರುತ್ತಿತ್ತಂತೆ. ಯಾರದೋ ಮನೆಯ ಬಿಡಾಡಿ ಹಸು. ಬಂದು ಕತ್ತನ್ನು ಒಳಗೆ ಹಾಕಿ, ಒಲೆ ನೋಡಿ, ಒಂದೊಂದೇ ಪಾತ್ರೆ ನೋಡಿ, ಬಾಳೆಕಾಯಿ ಸಿಪ್ಪೆ ತಿಂದು, ಎಲ್ಲ ಸರಿಯಾಗಿದೆ ಎಂಬಂತೆ ತಲೆ ಆಡಿಸಿ ಹೋಗುತ್ತಿತ್ತು. ಆಗೆಲ್ಲ ಹಿರಿಯರು ತಹಶೀಲ್ದಾರರನ್ನು ಇನ್ನೂ ಮಾಮಲೇದಾರರು ಎಂದೇ ಕರೆಯುತ್ತಿದ್ದ ಕಾಲ. ಈ ಇಬ್ಬರು ಹುಡುಗಿಯರು ಹಸುವಿಗೆ ಮಾಮಲೇದಾರ್ತಿ ಎಂದು ಹೆಸರಿಟ್ಟರು. ವಾರ್ಡನ್ನಿಗೆ ತಿಳಿದರೆ ಬೈಗುಳ ಗ್ಯಾರಂಟಿ ಎಂದು ಆ ಹೆಸರನ್ನು ಮೂರನೆಯವರಿಗೆ ಹೇಳಲಿಲ್ಲ. 'ಮಾಮಲೇದಾರ್ತಿ ಬಂದಾಳ' ಎಂದರೆ ಏಳುವ ಹೊತ್ತಾಯಿತು ಎಂದರ್ಥ.

ಹೈಸ್ಕೂಲು ಮುಗಿದ ಮೇಲೆ ಇಬ್ಬರೂ ಸೇರಿ ಕುಮಟೆಗೆ ಹೋಗಿ ಶಿಕ್ಷಕಿಯರ ತರಬೇತಿ ಮಾಡುವುದು ಎಂದು ಮಾತಾಗಿತ್ತು. ಟ್ರಂಕು ತಗೊಂಡು ಶಿರಸಿಯ ಬಸ್ ಸ್ಟ್ಯಾಂಡಿಗೆ ಬರುವುದು, ಹಣ್ಣಿನ ಅಂಗಡಿಯ ಎದುರು ನಿಲ್ಲುವುದು, ಒಬ್ಬರಿಗೊಬ್ಬರು ಸಿಗದೆ ಬಸ್ಸು ಹತ್ತುವುದಿಲ್ಲ.

ರಜೆಯಲ್ಲಿ ಕಾಕಿಗೆ ಮದುವೆಯಾಯಿತು. ಬೇರೆ ಎಲ್ಲಿಗೂ ಅಲ್ಲ, ಶಿರಸಿಗೇ, ಬಸ್ ಸ್ಟ್ಯಾಂಡಿನ ಹಿಂದಿನ ಇದೇ ಮಾಳಿಗೆ ಮನೆಗೆ. ಹೇಳಿ ಕಳಿಸಲು ಯಾರೂ ಸಿಗಲಿಲ್ಲ. ಹೊಸ ಸೊಸೆ ಬೀದಿಗಿಳಿಯುವ ಹಾಗಿರಲಿಲ್ಲ. ಅವರಿಬ್ಬರೂ ಹೊರಡಬೇಕಿದ್ದ ದಿನ ಕಾಕಿ ಮಾಳಿಗೆಯ ಕಿಟಕಿಯಲ್ಲಿ ನಿಂತಿದ್ದರು. ಅಲ್ಲಿಂದ ಬಸ್ ಸ್ಟ್ಯಾಂಡು ಕಾಣುವುದಿಲ್ಲ, ಕೇಳುತ್ತದೆ. ಕಂಡಕ್ಟರು 'ಕುಮಟಾ, ಕುಮಟಾ' ಎಂದು ಕೂಗಿದ್ದು ಕೇಳಿತು. ಆ ಬಸ್ಸು ಹೋಯಿತು. ಬಹಳ ಹೊತ್ತಿನ ಮೇಲೆ ಇನ್ನೊಂದು ಬಂತು, ಅದೂ ಕೂಗಿ ಹೋಯಿತು.

"ಅಕಿ ಯಾವ ಬಸ್ಸಿಗೆ ಹೋದಳೋ ಗೊತ್ತಿಲ್ಲ ತಂಗಿ. ನಾ ಬರೂದ ಮರತೆ ಅಂತ ತಿಳಕೊಂಡಿರ್ತಾಳ. ಇಲ್ಲ, ನಾ ಇಲ್ಲೇ ಇದ್ದೆ, ಅಕಿ ನಿಂತ ಜಾಗದಿಂದ ಕೂಗಿದರ ಕೇಳೂವಷ್ಟು ಹತ್ತರ ಇದ್ದೆ ಅಂತ ಹೇಳಬೇಕು. ಮತ್ತೇನೂ ಬ್ಯಾಡ ನನಗ. ಅಷ್ಟ ಹೇಳಬೇಕು."

ಹುಡುಕಲಿಲ್ಲ ಎಂದಲ್ಲ. ಮಕ್ಕಳು ಮರಿ ಎಂದು ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ, ಯಾರದೋ ಮದುವೆಯ ನೆಪ ಮಾಡಿ ಮನ್ಮನೆಗೆ ಹೋಗಿಬಂದಿದ್ದರು. ಗೆಳತಿಯ ಅಣ್ಣತಮ್ಮಂದಿರು ಮನೆ ಮಾರಿ ಬೇರೆ ಕಡೆ ಹೋಗಿಯಾಗಿತ್ತು. 'ಆ ಹುಡುಗಿಯನ್ನು ಯಲ್ಲಾಪುರದ ಬದಿಗೆ ಕೊಟ್ಟಿದ್ದು' ಎಂದು ಒಬ್ಬ ಅಜ್ಜಿ ಹೇಳಿದ್ದಷ್ಟೇ ಸಿಕ್ಕ ಸುಳಿವು.

ಭೂತಗನ್ನಡಿ ಕಂಡ ಮೇಲೆ ಆ ಸುಳಿವಿಗೆ ಜೀವ ಬಂತು. ಯಲ್ಲಾಪುರದ ಕಡೆಯ ಮನೆತನಗಳವರು ಈಗೀಗ ತಮ್ಮ ಕುಟುಂಬದ ವಂಶವೃಕ್ಷ ಮಾಡಿಸಿ ಪಿಡಿಎಫ್ ಹಂಚುತ್ತಾರೆ. ಹತ್ತು ತಲೆಮಾರಿನ ಗಂಡಸರು, ಪಕ್ಕದಲ್ಲಿ ಹೆಂಡತಿಯರ ಹೆಸರು, ಕೊನೆಯಲ್ಲಿ ಮನೆಯವರ ಫೋನ್ ನಂಬರು. ಮದುವೆ ಜವಳಿಗೆ ಬರುವ ಗಿರಾಕಿಗಳಿಂದ ಕಾಕಿ ಅದನ್ನು ವಸೂಲು ಮಾಡತೊಡಗಿದರು. ಸೀರೆ ಬಿಚ್ಚಿ ಹಾಸಿ, ಬೆಲೆ ಕೇಳುವ ಮೊದಲೇ, "ನಿಮ್ಮ ಮನಿತನದ ಪಿಡಿಎಫ್ ಐತೇನ್ರಿ?"

ಭಾವನ ಮಗನಿಗೆ ತಲೆ ಕೆಟ್ಟುಹೋಯಿತು. "ಕಾಕಿ, ಗಿರಾಕಿಗೆ ಸೀರಿ ತೋರಸ್ರಿ. ವಂಶ ಕೇಳಬ್ಯಾಡ್ರಿ."

"ವಂಶ ಗೊತ್ತಾದರ ಬಣ್ಣ ತೋರ್ಸೂದು ಸಸಾರ ಆಗ್ತೈತಿ. ನೀ ಬ್ಲೌಸ್ ಪೀಸ್ ಹರಿ."

ಕಾಕಿ ಭಟ್ಟರ ಮನೆಯ ಹೆಣ್ಣನ್ನು ಈ ಹುಡುಗನಿಗೆ ಹುಡುಕುತ್ತಿದ್ದಾರೆ ಎಂದು ಪೇಟೆಯಲ್ಲಿ ಒಂದು ಸುದ್ದಿಯೂ ಹುಟ್ಟಿತು. ಕಾಕಿ ಅಲ್ಲಗಳೆಯಲಿಲ್ಲ. ನಿಜ ಹೇಳುವುದಕ್ಕಿಂತ ಅದೇ ಸುಲಭವಾಗಿತ್ತು.

ಹೀಗೆ ಸಂಗ್ರಹಿಸಿದ್ದನ್ನು ನಮ್ಮ ಮನೆಗೆ ತರುವರು. ಕೆಲವು ಸಲ ನನ್ನ ಫೋನಿನಲ್ಲೇ ಹುಡುಕುತ್ತಿದ್ದೆವು. ಬಟ್ಟೆ ಮುಟ್ಟಿ ಮುಟ್ಟಿ ಒಣಗಿದ ಅವರ ಬೆರಳನ್ನು ಅದು ಗುರುತಿಸುತ್ತಿರಲಿಲ್ಲ. ನಾಲಿಗೆಗೆ ಬೆರಳು ತಾಗಿಸಿ ಒತ್ತುವರು. ಅವರು ಹೋದಮೇಲೆ ನಾನು ಫೋನಿನ ಗಾಜು ಒರೆಸುತ್ತಿದ್ದೆ. ಈಗ ಅನ್ನಿಸುತ್ತದೆ, ಒಂದು ದಿನವಾದರೂ ಹಾಗೇ ಬಿಡಬೇಕಿತ್ತು. ಹೆಸರು ಬರೆಯುವುದು, ಸೆರಗು ಸರಿಮಾಡಿಕೊಳ್ಳುವುದು, ಒತ್ತುವುದು. ಹಳೆಯ ಅಕ್ಷರದ ಪಿಡಿಎಫ್ ಆದರೆ ಇಬ್ಬರೂ ಕಣ್ಣಿನಿಂದಲೇ ಓದುವುದು, ಅವರು ಎಡಗಡೆಯ ಸಾಲು, ನಾನು ಬಲಗಡೆಯದು. ಕೊನೆಗೆ, "ಮನ್ಯಾಗಿಲ್ಲ. ಇರಲಿ, ನಾಳಿ ಬರೂಣು."

ಒಂದು ದಿನ ಹೀಗೇ ಕೂತಿದ್ದಾಗ ಗೇಟಿನ ಹತ್ತಿರ ಅಂಚೆಯವನು ಬಂದ. ನಾನು ಓದಿದ ಕಾನ್ವೆಂಟಿನ ಹಳೆಯ ವಿದ್ಯಾರ್ಥಿನಿಯರ ಕೂಟದ ಆಮಂತ್ರಣ. ಅಂಗಳದಲ್ಲಿ ಬಟ್ಟೆ ಮಡಚುತ್ತಿದ್ದ ನಮ್ಮ ಅತ್ತೆಯೇ ಮಾತಾಡಿಸಿದರು.

"ನಿರ್ಮಲಾ ಅನ್ನೋರು ಇದ್ದಾರಾ?"

"ನಿರ್ಮಲಾ? ಇಲ್ಲಿ ಆ ಹೆಸರಿನವರು ಯಾರೂ ಇಲ್ಲವಪ್ಪ. ಹಿಂದಿನ ಓಣಿಯಲ್ಲಿ ಕೇಳಿ ನೋಡು."

ಅಂಚೆಯವನು ಸೈಕಲ್ ತಿರುಗಿಸುತ್ತಿದ್ದ. ನಾನು ಓಡಿಹೋಗಿ, "ನಾನೇ, ನಾನೇ" ಎಂದು ಇಸಿದುಕೊಂಡೆ. ಅತ್ತೆ ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಹೌದಲ್ಲ! ನಿನಗೆ ಆ ಹೆಸರಿತ್ತು. ನನಗೆ ಪೂರ್ತಿ ಮರೆತೇಹೋಗಿತ್ತು ನೋಡು." ಅವರದೇನೂ ತಪ್ಪಿಲ್ಲ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ನಮ್ಮವರು ಉಂಗುರದಿಂದ ಅದರಲ್ಲಿ 'ಸುಧಾ' ಎಂದು ಬರೆದರು. ಆಮೇಲೆ ಆ ಅಕ್ಕಿಯನ್ನು ಯಾರೋ ಒಳಗೆ ತಗೊಂಡು ಹೋದರು. ಅಂದಿನಿಂದ ನಾನು ಸುಧಾ. ಆಧಾರಿನಲ್ಲೂ ಅದೇ, ರೇಷನ್ ಕಾರ್ಡಿನಲ್ಲೂ ಅದೇ.

ಒಳಗೆ ಬಂದರೆ ಕಾಕಿ ಲ್ಯಾಪ್‌ಟಾಪಿನ ಎದುರು ಹಾಗೇ ಕೂತಿದ್ದರು. ಹುಡುಕುವ ಪೆಟ್ಟಿಗೆಯಲ್ಲಿ ಗೆಳತಿಯ ಹೆಸರು ಬರೆದಿತ್ತು. ಸೆರಗು ಸರಿಮಾಡಿಕೊಂಡಿದ್ದರು. ಒತ್ತಿರಲಿಲ್ಲ.

"ನಿನ್ನ ಹೆಸರು ನಿರ್ಮಲಾ ಏನು?"

"ತವರಲ್ಲಿ, ಕಾಕಿ."

"ಹಂಗಾರ ಅಕೀಗೂ ಬದಲಿ ಮಾಡಿರ್ತಾರ."

ನಾನು ಆಮಂತ್ರಣವನ್ನು ಮೇಜಿನ ಮೇಲಿಟ್ಟೆ. ಅವರೇ ಮುಂದುವರಿಸಿದರು.

"ನನಗೂ ಮಾಡ್ಯಾರಲ್ಲ! ಅತ್ತಿ ಮನ್ಯಾಗ ಇಟ್ಟ ಹೆಸರಲೇ ಐವತ್ತು ವರ್ಷ ಬಾಳುವೆ ಮಾಡೇನಿ. ನಂದು ಬದಲಾಗಿದ್ದು ನನಗ ಗೊತ್ತೈತಿ. ಅಕೀದು ಬದಲಾಗಿರ್ತೈತಿ ಅಂತ ಹೊಳೀಲೇ ಇಲ್ಲ ನೋಡು. ನನ್ನ ಕಣ್ಣಾಗ ಅಕಿ ಇನ್ನೂ ಎರಡು ಜಡಿ ಹಾಕ್ಕೊಂಡು ನಿಂತಾಳ. ಆ ಹುಡುಗೀನ್ನ ಯಾರದೋ ಮನಿ ಹೆಂಡ್ತೀರ ಸಾಲಿನಾಗ ಹುಡುಕಿದರ ಹೆಂಗ ಸಿಗ್ತಾಳ?"

ಆಮೇಲೆ ಸ್ಮರಣ ಸಂಚಿಕೆ ತೆರೆ ಎಂದರು. ಗೆಳತಿಯ ಹೆಸರಿನ ಪುಟಕ್ಕೆ ಹೋದೆ. ಬೆರಳನ್ನು ಆ ಹೆಸರಿನಿಂದ ಒಂದು ಸಾಲು ಕೆಳಗೆ ಇಳಿಸಿದರು. ಅಲ್ಲಿ ಇನ್ನೊಂದು ಹುಡುಗಿಯ ಹೆಸರಿತ್ತು.

"ಇದು ನಾನು."

ನಾನು ಆ ಹೆಸರನ್ನು ಓದಿ, ಯಾಕೋ ಏನೋ, ಮೆಲ್ಲಗೆ ಕರೆದೆ. "ಆಂ" ಎಂದರು ಕಾಕಿ. ಅವರ ದನಿ ಅಲ್ಲ ಅದು. ಯಾವುದೋ ಅಂಗಳದಿಂದ ಓಗೊಟ್ಟ ಹಾಗಿತ್ತು. ಆಮೇಲೆ ಇಬ್ಬರಿಗೂ ಒಂದು ತರಹ ನಾಚಿಕೆಯಾಗಿ, ನಾನು ಚಹಾಕ್ಕೆ ನೀರಿಡಲು ಎದ್ದೆ. ಹಿಂದಿನಿಂದ ಅವರು ಹೇಳಿದರು, "ಸಕ್ಕರಿ ಕಡಿಮಿ ಹಾಕು, ನಿರ್ಮಲಾ."

ಅಂದಿನಿಂದ, ಬೇರೆ ಯಾರೂ ಇಲ್ಲದಾಗ, ಅವರು ನನ್ನನ್ನು ಹಾಗೇ ಕರೆಯುತ್ತಿದ್ದರು. ನನ್ನ ಅಮ್ಮ ಹೋದಮೇಲೆ ಆ ಹೆಸರಿಗೆ ಓಗೊಡುವ ಅಭ್ಯಾಸವೇ ತಪ್ಪಿಹೋಗಿತ್ತು.

ಇನ್ನು ಏನೆಂದು ಹುಡುಕುವುದು? ವಂಶವೃಕ್ಷಗಳಲ್ಲಿ ಕೆಲವರು ಸೊಸೆಯ ತವರೂರನ್ನೂ ಹಾಕಿರುತ್ತಾರೆ. ಹಾಗಾಗಿ 'ಮನ್ಮನೆ' ಎಂದು ಹುಡುಕತೊಡಗಿದೆವು. ಈಗ ಹಳದಿ ಬಣ್ಣ ಕಾಣಿಸಿತು. ಮನ್ಮನೆಯಿಂದ ಯಲ್ಲಾಪುರದ ಕಡೆಗೆ ಬಂದ ಸೊಸೆಯರು ಹಲವರಿದ್ದರು. ವಯಸ್ಸು ಹೊಂದುವವರ ಮನೆಗೆ ಕಾಕಿ ಫೋನು ಮಾಡುವುದು, ಸ್ಪೀಕರಿನಲ್ಲಿ ಇಟ್ಟು ನಾನು ಕೇಳುವುದು. ಹೆಸರು ಕೇಳಿ ಪ್ರಯೋಜನವಿಲ್ಲ ಎಂದು ಕಾಕಿ ಬೇರೆಯೇ ಪ್ರಶ್ನೆ ಇಟ್ಟುಕೊಂಡಿದ್ದರು.

"ನಮಸ್ಕಾರ್ರೀ. ನಿಮಗ ಮಾಮಲೇದಾರ್ತಿ ಗೊತ್ತೇನ್ರೀ?"

ಆ ಕಡೆಯಿಂದ ಗಾಬರಿಯ ದನಿ. "ಮಾಮಲೇದಾರ್ರಾ? ತಹಶೀಲ್ದಾರ್ ಆಫೀಸಿಂದನಾ? ಮನೆಯವು ಪ್ಯಾಟೆಗೆ ಹೋಯ್ದ. ಎಂಗಳ ಜಾಗದ ಸರ್ವೆ ಎಲ್ಲಾ ಆಯ್ದು!" ಎಂದು ಫೋನು ಇಟ್ಟೇಬಿಟ್ಟರು. ಕಾಕಿ ನಕ್ಕು ನಕ್ಕು ಕೆಮ್ಮಿದರು. "ಪಾಪ, ಯಜಮಾನರು ಬಂದಮ್ಯಾಲೆ ಇವತ್ತು ಊಟ ಮಾಡಿಸಂಗಿಲ್ಲ ಅಕಿ, ಸರ್ವೆ ಕಾಗದಾನ ತಗಸ್ತಾಳ."

ಇನ್ನೊಬ್ಬರು ಪ್ರಶ್ನೆ ಕೇಳಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಕಾಕಿ ನನ್ನ ಮಣಿಕಟ್ಟು ಹಿಡಿದುಕೊಂಡರು, ಬಳೆ ಚುಚ್ಚುವಷ್ಟು ಬಿಗಿಯಾಗಿ.

"ನೀವು ಯಾರನ್ನ ಹುಡುಕ್ತಾ ಇದ್ದಿ?" ಎಂದು ಕೇಳಿದರು ಆಕೆ.

ಕಾಕಿ ಹೇಳಿದರು. ಹಾಸ್ಟೆಲು, ಕೋಣೆ, ಹಸು.

"ಆನಲ್ಲ, ಅದು ಬೇರೆ ಯಾರೋ" ಎಂದರು ಆಕೆ. ಮತ್ತೆ ಅವರೇ, "ಆದ್ರೆ ಎಂಗೂ ಒಂದು ಗೆಳತಿ ಇತ್ತು. ಆ ಗೆಳತಿಯೇ ಎನ್ನ ಹುಡುಕ್ತಾ ಇದ್ದು ಹೇಳಿ ಅಂದ್ಕಂಡಿ."

ಇಬ್ಬರೂ ಬಹಳ ಹೊತ್ತು ಮಾತಾಡಿದರು, ಮೊಣಕಾಲು ನೋವು, ಉಪ್ಪಿನಕಾಯಿಯ ಮಿಡಿ, ಇಲ್ಲಿನ ಮಳೆ, ಅಲ್ಲಿನ ಮಳೆ. ಫೋನಿಟ್ಟ ಮೇಲೆ ಕಾಕಿ ಆ ಗೆಳತಿಯ ಹೆಸರನ್ನೂ ನನ್ನಿಂದ ಬರೆಸಿಕೊಂಡರು. "ಹುಡುಕೂದು ಹೆಂಗಿದ್ದರೂ ಹುಡುಕಾಕತ್ತೇವಿ. ಇಕೀದೂ ಒಂದು ನೋಡೂಣು."

ಆದರೆ ನಮಗೆ ಯಾರೂ ಸಿಗಲಿಲ್ಲ.

ಈ ಸಲದ ಮಳೆಗಾಲಕ್ಕೆ ಮೊದಲು ಕಾಕಿ ಮೆತ್ತಗಾದರು. ಮಾಳಿಗೆ ಇಳಿದು ಬರುವುದು ನಿಂತಿತು. ನಾನೇ ಡಬ್ಬಿ ತಗೊಂಡು ಹೋಗಿ ಕೂತು ಬರುತ್ತಿದ್ದೆ. ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಅವರ ಧ್ವನಿ ಬಂತು, ಫೋನಿನಲ್ಲಿ.

"ನಿರ್ಮಲಾ, ಒಂದು ಮಾತು ಹೊಳೀತು. ನಾವು ಅಕೀನ್ನ ಹುಡುಕಾಕತ್ತೇವಿ. ಅಕಿನೂ ನನ್ನ ಹುಡುಕಾಕತ್ತಿದ್ದರ? ಅಕಿ ಮೊಮ್ಮಕ್ಕಳ ಕೈಯಾಗೂ ಫೋನು ಇರ್ತೈತಲ್ಲ. ನನ್ನ ಹಳೇ ಹೆಸರು ಹಾಕಿ ನೋಡ್ತಾಳ, ಎಲ್ಲಿ ಸಿಗಬೇಕು ನಾನು? ಇಬ್ಬರ ಹೆಸರೂ ಬದಲಾಗ್ಯಾವ. ಆದರ ಮಾಮಲೇದಾರ್ತಿ ಹೆಸರು ಯಾರೂ ಬದಲಿ ಮಾಡಿರಂಗಿಲ್ಲ. ಅದಕ್ಕೇನು ಮದವೀನ ಮಾಡಿದ್ರು? ಎಲ್ಲೆರ ಒಂದು ಕಡೆ ಅದನ್ನ ಬರೀ ತಂಗಿ. ಹುಡುಕಿದರ ಸಿಗೂವಂಗ ಬರೀ. ನನ್ನ ಹೆಸರು ಬ್ಯಾಡ, ಮನ್ಯಾಗಿನವರು ಏನಂತಾರೋ. ಅಕೀದೂ ಬ್ಯಾಡ. ಆಕಳದ್ದಷ್ಟ ಸಾಕು. ಅಕೀಗೆ ತಿಳೀತೈತಿ."

ನಾನು 'ಬರೀತೀನಿ ಕಾಕಿ' ಎಂದು ಉತ್ತರ ಕಳಿಸಿದೆ. ಇಂದು ಹುಡುಕಿದರೆ ಅದು ಸಿಗುತ್ತದೆ, ನನ್ನ ಮಾತಲ್ಲವೆ. ಅವರ ಮಾತು ಸಿಗುವುದಿಲ್ಲ. ಕಾಕಿ ಹೋಗಿ ಇಷ್ಟು ದಿನವಾಯಿತು, ನನ್ನನ್ನು ನಿರ್ಮಲಾ ಎಂದು ಕರೆಯುವವರು ಈಗ ಆ ಫೋನಿನೊಳಗೆ ಮಾತ್ರ ಇದ್ದಾರೆ. ಯಾರೂ ಇಲ್ಲದ ಹೊತ್ತಿನಲ್ಲಿ ಒಮ್ಮೊಮ್ಮೆ ಒತ್ತಿ ಕೇಳುತ್ತೇನೆ, ಮೊದಲ ಆ ಒಂದು ಪದದವರೆಗೆ.

ಈ ಪತ್ರಿಕೆಯ ಸಂಪಾದಕರು ಬರೆದುಕೊಡಿ ಎಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. ಇದನ್ನು ನೆಟ್ಟಿನಲ್ಲೂ ಹಾಕುತ್ತೀರಲ್ಲ, ಪುಟದ ಫೋಟೋ ಹಾಕುತ್ತೀರೋ, ಹುಡುಕಿದರೆ ಸಿಗುವ ಅಕ್ಷರದಲ್ಲಿ ಹಾಕುತ್ತೀರೋ? ಅವರಿಗೆ ಆಶ್ಚರ್ಯವಾಗಿರಬೇಕು. ಅಕ್ಷರದಲ್ಲೇ ಎಂದರು. ನಿನ್ನೆ ನಾನೇ ಒಮ್ಮೆ ನೆಟ್ಟಿನಲ್ಲಿ 'ಮಾಮಲೇದಾರ್ತಿ' ಎಂದು ಬರೆದು ನೋಡಿದೆ. ಯಾವುದೂ ಸಿಗಲಿಲ್ಲ. ಒತ್ತುವ ಮೊದಲು ನನ್ನ ಕೈ ತಾನಾಗಿ ತಲೆಯ ಹತ್ತಿರ ಹೋಗಿತ್ತು.

ಇನ್ನು ಮೇಲೆ ಒಂದು ಕಡೆ ಸಿಗುತ್ತದೆ.

ಆ ಪದ ಬರೆದು ಹುಡುಕುವಂಥವರು ನನ್ನನ್ನು ಬಿಟ್ಟರೆ ಈಗ ಒಬ್ಬರೇ. ಅವರು ನೀವಾಗಿದ್ದರೆ, ಅಮ್ಮಾ, ನಿಮ್ಮ ಗೆಳತಿ ಮನೆಯಲ್ಲಿಲ್ಲ. ಆದರೆ ಹೇಳಿಹೋಗಿದ್ದಾರೆ. ಅವತ್ತು ಅವರು ಮರೆತಿರಲಿಲ್ಲ. ನೀವು ಹಣ್ಣಿನ ಅಂಗಡಿಯ ಎದುರು ನಿಂತಿದ್ದಾಗ ಹಿಂದಿನ ಓಣಿಯ ಮಾಳಿಗೆಯ ಕಿಟಕಿಯಲ್ಲಿ ಅವರೂ ನಿಂತಿದ್ದರು, ನಿಮ್ಮ ಬಸ್ಸಿನ ಕೂಗು ಕೇಳುವಷ್ಟು ಹತ್ತಿರ. ನೀವು ಹೋದಮೇಲೂ ನಿಂತೇ ಇದ್ದರು.

ಅವರ ಧ್ವನಿ ನನ್ನ ಹತ್ತಿರ ಇದೆ. ಬನ್ನಿ, ಕೇಳಿಸುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಹಿಂಬದಿಯ ಓಣಿಗೆ ತಿರುಗಿ, ಬಟ್ಟೆ ಅಂಗಡಿಯ ಕಾಕಿಯ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಅದರ ಎದುರಿಗೇ ನಮ್ಮ ಗೇಟು. ಯಾವ ಹೆಸರು ಹೇಳಿದರೂ ಸರಿ. ನಾನು ಮನೆಯಲ್ಲೇ ಇರುತ್ತೇನೆ.